ನೀರೊಳಗೆ ಅಪ್ಪ ಕೇಳಿಸಿಕೊಂಡದ್ದು

ಇದರಲ್ಲಿ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ನಾವು ಕಡಲಿಗಿಳಿದ ದಿನ ಮೋಡ ಕವಿದಿತ್ತು ಎಂದು ನನಗೆ ನೆನಪು. ಅಣ್ಣನ ಮೊಬೈಲಿನ ಫೋಟೊಗಳಲ್ಲಿ ಬಿಸಿಲಿದೆ. ದೋಣಿಯ ಬಣ್ಣ ನೀಲಿ ಅಂದುಕೊಂಡಿದ್ದೆ, ಅದು ಹಸಿರು. ಇಂಥವು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಒಂದು ವಿಷಯದಲ್ಲಿ ನನ್ನ ನೆನಪು ಸರಿಯಾಗಿರಲೇಬೇಕು, ಅದೇ ವಿಷಯದಲ್ಲಿ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಅಪ್ಪನ ಕಿವಿ ಮಂದವಾದದ್ದು ಅಮ್ಮ ಸಾಯುವುದಕ್ಕೆ ಮೊದಲೋ, ಸತ್ತ ಮೇಲೋ ಎಂಬುದು ಆ ವಿಷಯ.

ಅಮ್ಮ ಹೋದದ್ದು ಹಿಂದಿನ ವರ್ಷ, ಮದುವೆಗಳ ಕಾಲದಲ್ಲಿ. ನೊಣವಿನಕೆರೆಯ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಅಣ್ಣ ಅತ್ತಿಗೆ ಇದ್ದರು. ನಾನು ತಿಪಟೂರಿನಲ್ಲಿದ್ದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಅವತ್ತು ಅಣ್ಣ ಅತ್ತಿಗೆ ತುರುವೇಕೆರೆಗೆ ಮದುವೆಗೆ ಹೋಗಿದ್ದರು. ಅಪ್ಪ ಮುಂದಿನ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಅಮ್ಮ ಹಿತ್ತಲಿನ ಬಚ್ಚಲಲ್ಲಿ ಬಿದ್ದಳು. ಪಕ್ಕದ ಮನೆಯಾಕೆ ತಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅಮ್ಮ "ಏನ್ರೀ, ಇಲ್ ಬನ್ರೀ" ಎಂದು ಕೂಗಿದ್ದು, ಸ್ವಲ್ಪ ಬಿಟ್ಟು ಮತ್ತೆ ಕೂಗಿದ್ದು ಅವರಿಗೆ ಕೇಳಿಸಿತಂತೆ. ಗಂಡ ಮನೆಯಲ್ಲೇ ಇದ್ದಾನಲ್ಲ, ಎದ್ದು ಹೋಗುತ್ತಾನೆ ಎಂದುಕೊಂಡು ಅವರು ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಅಪ್ಪ ಹಗ್ಗ ಮುಗಿಸಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋಗುವ ಹೊತ್ತಿಗೆ ಅಮ್ಮನ ಮಾತು ನಿಂತಿತ್ತು. ಆಸ್ಪತ್ರೆಯ ಡಾಕ್ಟರು "ಇನ್ನೂ ಬೇಗ ತಂದಿದ್ದರೆ" ಎಂದು ಶುರುಮಾಡಿ, ನಮ್ಮ ಮುಖಗಳನ್ನು ನೋಡಿ, ಅಲ್ಲಿಗೇ ನಿಲ್ಲಿಸಿದರು.

ಸಾವಿನ ಮನೆಗೆ ಬಂದವರೆಲ್ಲ ಏನಾಯಿತು ಎಂದು ಕೇಳಿದರು. ಅಪ್ಪ ಎಲ್ಲರಿಗೂ ಒಂದೇ ಮಾತು ಹೇಳಿದ: "ಅವ್ಳು ಕೂಗ್ಲಿಲ್ಲ." ಪಕ್ಕದ ಮನೆಯಾಕೆ ಅಲ್ಲೇ ಕಂಬಕ್ಕೊರಗಿ ನಿಂತಿದ್ದರು. ಅವರು ತಲೆ ತಗ್ಗಿಸಿದ್ದನ್ನು ಅಣ್ಣ ನೋಡಿದ.

ಅದಕ್ಕೂ ಮೊದಲು ಬಹಳ ದಿನಗಳಿಂದ ಅಪ್ಪ ಅಮ್ಮನ ನಡುವೆ ಮಾತುಕತೆ ನಿಂತುಹೋಗಿತ್ತು. ಯಾಕೆ ಎಂದು ನಮಗ್ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವಯಸ್ಸಾದ ಮೇಲೆ ಗಂಡ ಹೆಂಡತಿ ಮುನಿಸಿಕೊಂಡರೆ ಅದಕ್ಕೆ ಕಾರಣ ಕೇಳಲು ಮಕ್ಕಳಿಗೆ ಸಂಕೋಚ. ಹಾಗಾಗಿ ಅಣ್ಣನ ತೀರ್ಮಾನ ತಡವಾಗಲಿಲ್ಲ. ಅಮ್ಮ ಕೂಗಿದಳು, ಅಪ್ಪನಿಗೆ ಕೇಳಿಸಿತು, ಹಟಕ್ಕೆ ಏಳಲಿಲ್ಲ. ಇದನ್ನು ಅವನು ಬಾಯಿಬಿಟ್ಟು ಹೇಳಿದ್ದು ನನ್ನೊಬ್ಬಳಿಗೆ, ಒಂದೇ ಸಲ. ಆಮೇಲೆ ಅಪ್ಪನ ಜೊತೆ ಕೂತು ಉಣ್ಣುವುದನ್ನು ಬಿಟ್ಟ. ಒಂದೇ ಮನೆಯಲ್ಲಿ ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರಿಗೆ ಅತ್ತಿಗೆ ಬಡಿಸುತ್ತಿದ್ದರು.

ಅಪ್ಪನ ಕಿವಿಯ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಕೊಬ್ಬರಿ ಮಾಡುವವರು ಕಾಯಿ ಕೆಡವಿದ ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷವಿಡೀ ಅಲ್ಲೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಇಡಿಯಾಗಿ ಗುಂಡಗೆ ಒಣಗಬೇಕು. ಹೊರಗಿನಿಂದ ಇದು ಕಣ್ಣಿಗೆ ಕಾಣುವುದಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತಿಳಿಯಬೇಕು. ನೀರು ಉಳಿದಿದ್ದರೆ ಒಂದು ಸದ್ದು, ತಿರುಳು ಅರ್ಧ ಬಿಟ್ಟಿದ್ದರೆ ಇನ್ನೊಂದು, ಕೊಬ್ಬರಿ ಆಗಿದ್ದರೆ ಹಲಗೆಯ ಮೇಲೆ ಗೋಲಿ ಉರುಳಿದಂಥ ಸದ್ದು. ಆತುರಪಟ್ಟು ಸುಲಿಸಿದರೆ ಒಂದು ವರ್ಷದ ಫಸಲು ಕೆಟ್ಟಂತೆ. ಕಾಯಿ ಅಲ್ಲಾಡಿಸುವುದು ಎಲ್ಲರಿಗೂ ಬರುತ್ತದೆ, ಆದರೆ ಅನುಮಾನ ಬಂದಾಗ ಜನ ಅಪ್ಪನನ್ನು ಕರೆಯುತ್ತಿದ್ದರು. ಕಂದಿಕೆರೆ ಕಡೆಯಿಂದ, ಒಂದೆರಡು ಸಲ ಹುಳಿಯಾರಿನಿಂದಲೂ, ಬೈಕ್ ತಂದು ಹಿಂದೆ ಕೂರಿಸಿಕೊಂಡು ಹೋದದ್ದುಂಟು. ಅಪ್ಪ ಅಟ್ಟ ಹತ್ತಿ ಮೂಲೆಗಳಿಂದ ಕಾಯಿ ಆರಿಸಿ, ಕಣ್ಣು ಮುಚ್ಚಿ ಅಲ್ಲಾಡಿಸಿ, "ಇನ್ನೂ ಬುಡು" ಅನ್ನುತ್ತಿದ್ದ, ಇಲ್ಲವೇ "ಸುಲಿಸು" ಅನ್ನುತ್ತಿದ್ದ. ಕಾಫಿ ಕುಡಿದು ವಾಪಸು ಬರುತ್ತಿದ್ದ. ಅಂಥ ಮನುಷ್ಯ ನನಗೆ ಕಿವಿ ಕೇಳಿಸುತ್ತಿಲ್ಲ ಎಂದು ಹೇಳಿಕೊಂಡರೆ ಅವನಿಗೆ ಉಳಿಯುವುದೇನು?

ಈಗ ಅಪ್ಪ ಕಾಯಿಯನ್ನು ಕಿವಿಗೆ ಹಿಡಿಯುವುದಿಲ್ಲ. ಕಿವಿಯ ಕೆಳಗೆ, ದವಡೆಯ ಮೂಳೆಗೆ ಒತ್ತಿ ಹಿಡಿದು ಅಲ್ಲಾಡಿಸುತ್ತಾನೆ. ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸದ್ದು ಕಿವಿಯ ದಾರಿ ಬಿಟ್ಟು ಮೂಳೆಯ ದಾರಿಯಲ್ಲಿ ಬರುತ್ತಿರಬೇಕು. ಇದನ್ನು ನಾನು ಗಮನಿಸಿದ್ದು ಯಾವಾಗ ಎಂಬುದೇ ಪ್ರಶ್ನೆ. ನನ್ನ ತಲೆಯಲ್ಲಿ ಒಂದು ಚಿತ್ರವಿದೆ. ಅಪ್ಪ ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತು ಕಾಯಿಯನ್ನು ದವಡೆಗೆ ಒತ್ತಿಕೊಂಡಿದ್ದಾನೆ, ಕೆಳಗೆ ಅಮ್ಮ ಏಣಿ ಹಿಡಿದುಕೊಂಡಿದ್ದಾಳೆ. ಇದು ನಿಜವಾದರೆ ಅಮ್ಮ ಇರುವಾಗಲೇ ಅಪ್ಪನ ಕಿವಿ ಹೋಗಿತ್ತು, ಅವಳ ಕೂಗು ಅವನಿಗೆ ಮುಟ್ಟಲೇ ಇಲ್ಲ. ಆದರೆ ಈ ಚಿತ್ರ ನನಗೆ ಮೊದಲ ಸಲ ಕಾಣಿಸಿಕೊಂಡದ್ದು ಅಣ್ಣ ತನ್ನ ತೀರ್ಮಾನ ಹೇಳಿದ ಮೇಲೆ. ಬೇಕೆಂದಾಗ ಸಿಕ್ಕ ನೆನಪನ್ನು ಎಷ್ಟು ನಂಬಬೇಕು? ಏಣಿ ಹಿಡಿದವಳ ಮುಖ ನನಗೆ ಕಾಣುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಸೆರಗು ಮಾತ್ರ ಕಾಣುತ್ತದೆ. ಅತ್ತಿಗೆಯೂ ಸೆರಗನ್ನು ಹಾಗೇ ಸಿಕ್ಕಿಸುತ್ತಾರೆ.

ಅಮ್ಮನ ವರ್ಷದ ಕಾರ್ಯ ಮುಗಿದ ಮೇಲೆ ಅತ್ತಿಗೆ ಹಟ ಹಿಡಿದರು. ಈ ಮನೆಯಲ್ಲಿ ಉಸಿರು ಕಟ್ಟುತ್ತಿದೆ, ಎಲ್ಲಾದರೂ ಹೋಗಿಬರೋಣ ಎಂದರು. ಅಪ್ಪನಿಗೆಂದು ಮುರುಡೇಶ್ವರ, ನಮಗೆಂದು ಕಡಲು. ಅಣ್ಣನ ಸ್ನೇಹಿತರೊಬ್ಬರು ಹೊನ್ನಾವರದ ಆಚೆ ಜನಸಂದಣಿಯಿಲ್ಲದ ಒಂದು ಬೀಚ್ ಹೇಳಿದ್ದರು. ಅಲ್ಲಿ ದೋಣಿಯವರೊಬ್ಬರು ಕಣ್ಣು ಮೂಗು ಮುಚ್ಚುವ ಗಾಜು ಕಟ್ಟಿ, ಬಾಯಿಗೆ ಉಸಿರಿನ ಕೊಳವೆ ಕೊಟ್ಟು, ಬಂಡೆಗಳ ಹತ್ತಿರ ನೀರಿಗೆ ಇಳಿಸಿ ಮೀನು ತೋರಿಸುತ್ತಾರಂತೆ. ಸ್ನಾರ್ಕೆಲಿಂಗ್ ಎಂಬ ಪದವನ್ನು ಅಣ್ಣ ಒಂದು ವಾರ ಅಭ್ಯಾಸ ಮಾಡಿದ. ಬೀಚಿಗೆ ಅಪ್ಪನೂ ಬರುತ್ತಾನೆಯೇ ಎಂದು ಅತ್ತಿಗೆ ಕೇಳಿದರೆ, ಬರುವುದಾದರೆ ಬರಲಿ ಎಂದ.

ಕಾರಿನಲ್ಲಿ ಅಪ್ಪ ಮುಂದೆ ಅಣ್ಣನ ಪಕ್ಕ ಕೂತಿದ್ದ. ಕಡೂರು, ಶಿವಮೊಗ್ಗ, ಸಾಗರ ದಾಟುವವರೆಗೂ ಇಬ್ಬರ ನಡುವೆ ಮಾತಿಲ್ಲ. ನಾನು ಹಿಂದಿನ ಸೀಟಿನಿಂದ ಮೆಲ್ಲಗೆ, ಅಪ್ಪ, ನೀರು ಬೇಕಾ ಎಂದು ಕೇಳಿದೆ. ಅಪ್ಪ ತಿರುಗಲಿಲ್ಲ. ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದ. ನೋಡಿದೆಯಾ, ಉತ್ತರ ಕೊಡಲ್ಲ ಎಂದು ಅವನ ಕಣ್ಣು. ನೋಡಿದೆಯಾ, ಕೇಳಿಸಲ್ಲ ಎಂದು ನನ್ನದು. ಒಂದೇ ಸಾಕ್ಷ್ಯವನ್ನು ಇಬ್ಬರೂ ಹಂಚಿಕೊಂಡು ಘಟ್ಟ ಇಳಿದೆವು.

ಕರಾವಳಿಯ ತೆಂಗಿನ ಮರಗಳನ್ನು ಕಂಡಾಗ ಅಪ್ಪ ಮೊದಲ ಬಾರಿ ಮಾತಾಡಿದ. "ಇವು ಎಳನೀರಿಗೆ ಸರಿ. ಈ ತ್ಯಾವದ ಗಾಳೀಲಿ ಅಟ್ಟಕ್ಕೆ ಹಾಕುದ್ರೆ ಬೂಷ್ಟು ಹಿಡೀತದೆ ಅಷ್ಟೆ. ಕೊಬ್ರಿಗೆ ಬರಲ್ಲ ಬುಡು." ಯಾರಿಗೆ ಹೇಳಿದ್ದು ಎಂದು ತಿಳಿಯಲಿಲ್ಲ. ಅತ್ತಿಗೆ, ಹೌದು ಮಾವ, ಎಂದು ಹಿಂದಿನಿಂದ ಹೇಳಿದರು. ಅಪ್ಪ ಅದಕ್ಕೂ ತಿರುಗಲಿಲ್ಲ.

ಮುರುಡೇಶ್ವರದಲ್ಲಿ ದೇವರ ದರ್ಶನ ಮುಗಿಸಿ, ಮಾರನೆಯ ದಿನ ಬೆಳಿಗ್ಗೆ ಆ ಬೀಚಿಗೆ ಹೋದೆವು. ಅಲ್ಲಿ ನಿಜವಾಗಿಯೂ ಜನರಿರಲಿಲ್ಲ. ಮರಳಿನ ಮೇಲೆ ಮಗುಚಿಟ್ಟ ದೋಣಿಗಳು, ಒಣಗಲು ಹರವಿದ ಬಲೆ, ನೆರಳು ಹುಡುಕಿ ಮಲಗಿದ ನಾಯಿಗಳು. ನನಗೆ ಆ ಮೌನ ಹಿತವಾಗಲಿಲ್ಲ. ನಮ್ಮ ಮನೆಯ ಮೌನವೇ ನಮಗಿಂತ ಮೊದಲು ಬಂದು ಅಲ್ಲಿ ಕೂತಿದೆ ಅನ್ನಿಸಿತು. ಹಾಗೆ ಅನ್ನಿಸಿತು ಎಂದು ಈಗ ಬರೆಯುತ್ತಿದ್ದೇನೆ. ಅವತ್ತು ಬಹುಶಃ ಹಸಿವಾಗಿತ್ತು, ಅಷ್ಟೇ.

ದೋಣಿಯವರು ನಡುವಯಸ್ಸಿನವರು, ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ನಾಲ್ವರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತಂದು ಕೊಟ್ಟರು. ಅಪ್ಪ ಅದನ್ನು ತಿರುಗಿಸಿ ನೋಡಿ, ಹಿಚುಕಿ ನೋಡಿ, ಇದು ತೇಲುತ್ತಾ ಎಂದು ಅನುಮಾನಪಟ್ಟ. ಅಪ್ಪ ಈಜು ಕಲಿತದ್ದು ಊರ ಕೆರೆಯಲ್ಲಿ, ಎರಡು ಒಣಗಾಯಿಗಳ ಸಿಪ್ಪೆಯನ್ನು ಸೀಳಿ ಒಂದಕ್ಕೊಂದು ಗಂಟು ಹಾಕಿ ಬೆನ್ನಿಗೆ ಕಟ್ಟಿಕೊಂಡು. ಅಣ್ಣನಿಗೂ ನನಗೂ ಹಾಗೆಯೇ ಕಲಿಸಿದ್ದ.

"ಮಾವ, ನೀವು ಅಟ್ಟದಿಂದ ಎರಡ್ ಕಾಯಿ ತರಬೇಕಾಗಿತ್ತು ಕಣ್ರೀ" ಎಂದರು ಅತ್ತಿಗೆ. ಅವರು ಎದುರಿಗೇ ನಿಂತಿದ್ದರು. ಅಪ್ಪ ಅವರ ಬಾಯಿಯನ್ನೇ ನೋಡಿ ನಕ್ಕ. "ತಂದಿದ್ರೆ ಈ ಕಿತ್ಲೆ ಬಣ್ಣದ ಅಂಗಿ ಯಾಕವ್ವ ಬೇಕಿತ್ತು."

ಆ ನಗುವಿನಲ್ಲಿ ಅಣ್ಣ ಸೇರಲಿಲ್ಲ.

ದೋಣಿಯವರು ನೀರಿಗಿಳಿಯುವ ಮೊದಲು ಎಲ್ಲರನ್ನೂ ವಿಚಾರಿಸಿದರು. ಆಸ್ತಮಾ ಇದೆಯಾ, ಬಿ.ಪಿ. ಇದೆಯಾ, ಹೃದಯದ ತೊಂದರೆ ಇದೆಯಾ. ಆಮೇಲೆ ಅಪ್ಪನ ಕಡೆ ನೋಡದೆಯೇ, ಹಗ್ಗ ಬಿಚ್ಚುತ್ತಾ, ಅಜ್ಜನಿಗೆ ಕಿವಿಯದು ಎಂತಾದರೂ ತೊಂದರೆ ಇದೆಯಾ ಎಂದು ಕೇಳಿದರು. ಅಪ್ಪ ಕಡಲನ್ನು ನೋಡುತ್ತಾ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಉತ್ತರಿಸಿದ.

"ಅಪ್ಪಂಗೆ ಕಿವಿ ಚೆನ್ನಾಗೇ ಕೇಳುತ್ತೆ. ಬೇಕಾದ್ದು ಮಾತ್ರ."

ಅತ್ತಿಗೆ ಅವನ ತೋಳು ಚಿವುಟಿದರು. ದೋಣಿಯವರಿಗೆ ಅದು ತಮಾಷೆಯಾಗಿ ಕಂಡಿತು, ನಕ್ಕರು. ಅಪ್ಪ ತಾನೂ ನಕ್ಕ, ಯಾಕೆಂದರೆ ದೋಣಿಯವರು ನಗುತ್ತಿದ್ದರು. ಮಗ ತನ್ನ ಬಗ್ಗೆ ಆಡಿದ ಅಂಥ ಮಾತಿಗೆ ಯಾರೂ ಹಾಗೆ ನಗಲಾರರು ಎಂದು ನಾನು ಅಣ್ಣನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಕೇಳಿಸಿಯೂ ನಗುವ ಶಕ್ತಿ ಅಪ್ಪನಿಗೆ ಇದೆ ಎಂದು ನನಗೆ ಗೊತ್ತಿತ್ತು. ಒಂದು ವರ್ಷದಿಂದ ಅವನು ಊರಿನವರ ಕೊಂಕುಮಾತುಗಳಿಗೆ ಅದನ್ನೇ ಮಾಡಿಕೊಂಡು ಬಂದಿದ್ದ.

ನೀರಿನೊಳಗೆ ಮಾತಾಡಲಾಗುವುದಿಲ್ಲ ಎಂದು ದೋಣಿಯವರು ಕೈಸನ್ನೆಗಳನ್ನು ಹೇಳಿಕೊಟ್ಟರು. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ, ಬಳೆಯಂತೆ ಸುತ್ತಿ ತೋರಿಸಿದರೆ ಎಲ್ಲ ಸರಿಯಿದೆ. ಅಂಗೈ ಅಲ್ಲಾಡಿಸಿದರೆ ಏನೋ ತೊಂದರೆ. ಹೆಬ್ಬೆರಳು ಎತ್ತಿದರೆ ಮೇಲೆ ಬರಬೇಕು. ನಾನು ಎರಡು ಸಲ ತಪ್ಪು ಮಾಡಿದೆ, ಅಣ್ಣ ಹೆಬ್ಬೆರಳೆತ್ತಿ ಶಭಾಷ್ ಎಂಬಂತೆ ಆಡಿಸಿದ. ಅಪ್ಪ ಒಂದೂ ತಪ್ಪಲಿಲ್ಲ. ದೋಣಿಯವರ ಕೈ ಪೂರ್ತಿ ಎದ್ದಿರುತ್ತಿರಲಿಲ್ಲ, ಅಷ್ಟರಲ್ಲಿ ಅಪ್ಪನ ಕೈ ಉತ್ತರ ಕೊಟ್ಟಿರುತ್ತಿತ್ತು. ಜನರ ಕೈಯನ್ನೂ ತುಟಿಯನ್ನೂ ಓದಿಕೊಂಡು ದಿನ ಕಳೆಯುವವನಿಗೆ ಇದು ಹೊಸ ಪಾಠವಾಗಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಆಗಲೇ ಹೊಳೆಯಿತೋ, ಊರಿಗೆ ಬಂದ ಮೇಲೋ, ಖಚಿತವಾಗಿ ಹೇಳಲಾರೆ.

ಅತ್ತಿಗೆ ನೀರಿಗಿಳಿಯಲಿಲ್ಲ. ನಮ್ಮೆಲ್ಲರ ಚಪ್ಪಲಿ, ಅಪ್ಪನ ಪಂಚೆ ಅಂಗಿ, ಅಣ್ಣನ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ದೋಣಿಯಲ್ಲೇ ಕೂತರು. ದೋಣಿಯವರ ಹಿಂದೆ ನಾವು ಮೂವರು ಬಂಡೆಗಳ ಪಕ್ಕ ಇಳಿದೆವು.

ಕಡಲೊಳಗೆ ಬಣ್ಣಬಣ್ಣದ ಲೋಕವಿರುತ್ತದೆ ಎಂದು ನಿರೀಕ್ಷಿಸಿದ್ದೆ. ಇದ್ದದ್ದು ಬೂದು ಹಸಿರು. ಮೊದಲು ನನ್ನ ಉಸಿರಿನ ಸದ್ದೊಂದೇ, ಅದೂ ಯಾರೋ ಕಾಯಿಲೆಯವರು ಪಕ್ಕದಲ್ಲಿ ಮಲಗಿರುವ ಹಾಗೆ. ಕಣ್ಣು ಹೊಂದಿಕೊಂಡ ಮೇಲೆ ಪಾಚಿ ಹಿಡಿದ ಬಂಡೆ ಕಂಡಿತು, ಅದರ ಸಂದಿನಲ್ಲಿ ಕರಿಮುಳ್ಳಿನ ಉಂಡೆಗಳಂಥ ಜೀವಿಗಳು, ಮೈಮೇಲೆ ಕಪ್ಪು ಪಟ್ಟೆಯ ಸಣ್ಣ ಮೀನುಗಳು. ಅವು ನಮ್ಮನ್ನು ಲೆಕ್ಕಿಸದೆ ಬಂಡೆಯನ್ನು ಮೇಯುತ್ತಿದ್ದವು. ಆಮೇಲೆ ಆ ಸದ್ದು. ಎಲ್ಲ ಕಡೆಯಿಂದಲೂ ಸಣ್ಣಗೆ ಚಟಚಟ ಎಂದು ಸಿಡಿಯುತ್ತಿತ್ತು, ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ಬಂಡೆಯ ಸಂದಿನ ಸಿಗಡಿಯಂಥ ಹುಳುಗಳು ಮಾಡುವ ಸದ್ದು ಅದು ಎಂದು ದೋಣಿಯವರು ಆಮೇಲೆ ಹೇಳಿದರು.

ಅಪ್ಪ ನನ್ನಿಂದ ಸ್ವಲ್ಪ ಮುಂದೆ ಮುಖ ಕೆಳಗೆ ಮಾಡಿ ತೇಲುತ್ತಿದ್ದ. ಬಿಳಿಚಿದ ಕಾಲುಗಳು, ಊದಿಕೊಂಡ ಪಟ್ಟಾಪಟ್ಟಿ ಚಡ್ಡಿ. ನೀರಿನಲ್ಲಿ ಹಾಗೆ ಮುಖ ಮುಚ್ಚಿ ತೇಲುವ ಮನುಷ್ಯನನ್ನು ನೋಡುವುದು ನಮ್ಮ ಕೆರೆಯ ಕಡೆಯವರಿಗೆ ಅಭ್ಯಾಸವಿಲ್ಲ. ಹಾಗೆ ತೇಲುವವರನ್ನು ನಾವು ದಡಕ್ಕೆ ಎಳೆಯುತ್ತೇವೆ. ತಲೆ ಎತ್ತಿ, ಕೊಳವೆ ತೆಗೆದು, ಅಪ್ಪ ಎಂದು ಕೂಗಿದೆ. ಮತ್ತೆ ಕೂಗಿದೆ. ಅವನು ಕೈಗೆಟುಕುವಷ್ಟು ಹತ್ತಿರದಲ್ಲಿದ್ದ. ಅಲುಗಲಿಲ್ಲ. ಅಣ್ಣನೂ ತಲೆ ಎತ್ತಿ ನೋಡಿದ. ನಮ್ಮಿಬ್ಬರ ಮುಖದಲ್ಲೂ ಒಂದೇ ಭಯವಿತ್ತು, ಅಣ್ಣ ಅವನ ಕಡೆಗೆ ಕೈಬೀಸಿ ಈಜತೊಡಗಿದ.

ಅಷ್ಟರಲ್ಲಿ ದೋಣಿಯವರು ಇದ್ಯಾವುದನ್ನೂ ನೋಡದೆ, ಬಂಡೆಯ ಆಚೆ ಏನನ್ನೋ ತೋರಿಸಲೆಂದು ನೀರಿನೊಳಗೆ ಎರಡು ಕಲ್ಲುಗಳನ್ನು ಒಂದಕ್ಕೊಂದು ತಟ್ಟಿದರು. ಅಪ್ಪ ತಟ್ಟನೆ ಆ ಕಡೆಗೆ ತಿರುಗಿದ.

ನಾನು ಮುಖವನ್ನು ನೀರಿಗೆ ಅದ್ದಿ ನೋಡಿದೆ. ದೋಣಿಯವರು ಮತ್ತೆ ತಟ್ಟಿದರು. ಅಷ್ಟರಲ್ಲಿ ಅವರು ಅಪ್ಪನ ಬೆನ್ನ ಕಡೆಗೆ ಸರಿದಿದ್ದರು, ಕೈ ಕಾಣುವಂತಿರಲಿಲ್ಲ. ಅಪ್ಪ ಮತ್ತೆ ತಿರುಗಿದ. ಗಾಜಿನ ಹಿಂದೆ ಅವನ ಕಣ್ಣುಗಳು ದೊಡ್ಡದಾಗಿದ್ದವು. ಬೆರಳು ಸುತ್ತಿ ನನಗೆ ತೋರಿಸಿದ, ಎಲ್ಲ ಸರಿಯಿದೆ. ಆಮೇಲೆ ಅವನು ಮೀನು ನೋಡಲಿಲ್ಲ. ಬಂಡೆಯ ಹತ್ತಿರ ಹೋಗಿ, ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ, ಕಣ್ಣು ಮುಚ್ಚಿ ನಿಂತುಬಿಟ್ಟ. ಬೇರೆಯವರ ಅಟ್ಟದಲ್ಲಿ ಕಾಯಿ ಹಿಡಿದು ನಿಲ್ಲುತ್ತಿದ್ದನಲ್ಲ, ಹಾಗೆ.

ದೋಣಿ ಹತ್ತಿಸುವಾಗ ಅಪ್ಪನ ಮುಖ ತೊಳೆದಂತಿತ್ತು. ಅಮ್ಮ ಹೋದ ಮೇಲೆ ಆ ಮುಖವನ್ನು ನಾನು ಕಂಡಿರಲಿಲ್ಲ. ಅತ್ತಿಗೆ ಟವೆಲ್ ಕೊಟ್ಟರೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಾತಿಗೆ ಶುರುಮಾಡಿದ.

"ಒಳಗೆ ಒಗ್ಗರಣೆ ಹಾಕ್ದಂಗೆ ಚಟಪಟಾ ಅಂತದೆ. ನಿಂಗೂ ಕೇಳುಸ್ತಾ ಮಗಾ?"

ಕೇಳಿಸಿತು ಎಂದು ತಲೆಯಾಡಿಸಿದೆ.

"ಅಲ್ಲಿ ಎಲ್ಲಾ ಕೇಳ್ತದೆ ಕಣವ್ವ. ಹಿಂದ್ಗಡೆಯಿಂದ ಕಲ್ಲು ತಟ್ಟಿದ್ದೂ ಕೇಳ್ತದೆ. ಎಷ್ಟ್ ದಿನ ಆಗಿತ್ತು."

ಅಣ್ಣ ಈಜಲೆಂದು ಕಾಲಿಗೆ ಹಾಕಿದ್ದ ರಬ್ಬರ್ ರೆಕ್ಕೆ ಕೀಳುತ್ತಿದ್ದವನು ಹಾಗೇ ನಿಂತ. ಅಪ್ಪ ಟವೆಲಿನಿಂದ ಮುಖ ಒರೆಸತೊಡಗಿದ. ಬಹಳ ಹೊತ್ತು ಒರೆಸಿದ. ಟವೆಲ್ ಕೆಳಗಿಳಿದಾಗ ಮುಖ ಮೊದಲಿನಂತಾಗಿತ್ತು.

"ಎಷ್ಟ್ ದಿನ ಆಗಿತ್ತು ಅಪ್ಪ?" ಅಣ್ಣ ಕೇಳಿದ. ಒರಟಾಗಿ ಕೇಳಲಿಲ್ಲ.

ಅಪ್ಪ ದೋಣಿಯ ಅಂಚಿನಾಚೆ ನೋಡುತ್ತಿದ್ದ. ಮೋಟಾರು ಶುರುವಾಯಿತು. ಅತ್ತಿಗೆ ಡಬ್ಬಿ ತೆಗೆದು ಎಲ್ಲರಿಗೂ ಚಕ್ಕುಲಿ ಹಂಚಿದರು, ಉಪ್ಪು ನೀರಿನ ಕೈಯಲ್ಲೇ ತಿಂದೆವು.

ಅವತ್ತು ಸಂಜೆ ಅಪ್ಪ ಅತ್ತಿಗೆ ಲಾಡ್ಜಿನಲ್ಲಿದ್ದರು. ಅಣ್ಣನೂ ನಾನೂ ಮರಳಿನ ಮೇಲೆ ನಡೆದೆವು. ನಾನು ಗೆದ್ದವಳಂತೆ ಮಾತಾಡಿದೆ ಎಂದು ಈಗ ನಾಚಿಕೆಯಾಗುತ್ತದೆ. ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ, ನೀರಿನಲ್ಲಿ ಸದ್ದು ತಲೆಬುರುಡೆಯ ಮೂಲಕ ಬರುತ್ತದೆ, ಅದಕ್ಕೇ ಅಲ್ಲಿ ಕೇಳಿಸಿತು, ಕಾಯಿ ದವಡೆಗೆ ಒತ್ತುವುದೂ ಅದಕ್ಕೇ ಎಂದೆಲ್ಲ ಹೇಳಿದೆ. ಅಮ್ಮ ಕೊನೆಯ ತಿಂಗಳುಗಳಲ್ಲಿ ಫೋನಿನಲ್ಲಿ ಆಡುತ್ತಿದ್ದ ದೂರನ್ನೂ ನೆನಪಿಸಿದೆ. ಏನು ಕೇಳಿದರೂ ಹೂಂ ಅನ್ನಲ್ಲ ಕಣೇ, ಗೋಡೆ ಜೊತೆ ಮಾತಾಡಿದಂಗೆ, ನಾನೂ ಮಾತು ಬುಟ್ಬುಟ್ಟೆ ಎನ್ನುತ್ತಿದ್ದಳು. ಅದನ್ನು ನಾವೆಲ್ಲ ಜಗಳ ಎಂದುಕೊಂಡೆವು. ಜಗಳವೇ ಇಲ್ಲದಿದ್ದರೆ? ಅವನಿಗೆ ಕೇಳಿಸುತ್ತಿರಲಿಲ್ಲ, ಅವಳು ಮುನಿಸು ಎಂದುಕೊಂಡಳು, ಅಷ್ಟೇ ಆಗಿದ್ದರೆ?

ಅಣ್ಣ ಎಲ್ಲವನ್ನೂ ಕೇಳಿಸಿಕೊಂಡ. ಅಲೆ ಬಂದು ಅವನ ಪ್ಯಾಂಟಿನ ಅಂಚು ನೆನೆಸಿತು, ಮಡಚಿಕೊಳ್ಳಲಿಲ್ಲ.

"ಈಗ ಕೇಳಲ್ಲ, ಒಪ್ತೀನಿ" ಎಂದ. "ಅವತ್ತು?"

ನಾನು ಏಣಿಯ ಚಿತ್ರ ಹೇಳಿದೆ.

"ಏಣಿ ಹಿಡ್ಕಂಡಿದ್ದು ಅಮ್ಮಾನೇ ಅಂತ ಆಣೆ ಮಾಡ್ತೀಯಾ?"

ಮಾಡಬಹುದಿತ್ತು. ಒಂದು ಮಾತು ಹೇಳಿದ್ದರೆ ಆ ಮನೆಯಲ್ಲಿ ಅಪ್ಪನೂ ಮಗನೂ ಮತ್ತೆ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರೋ ಏನೋ. ನಾನು ಸೆರಗನ್ನು ನೆನಪಿಸಿಕೊಂಡೆ, ಅದರ ಬಣ್ಣ ನೆನಪಿಸಿಕೊಳ್ಳಲು ನೋಡಿದೆ. ಒಮ್ಮೆ ಅದು ಅಮ್ಮನ ಮಾಸಿದ ಹಸಿರಾಗಿತ್ತು. ಇನ್ನೊಮ್ಮೆ ಬರೀ ಬಟ್ಟೆ. ಆಣೆ ಮಾಡಲು ನನ್ನಿಂದ ಆಗಲಿಲ್ಲ.

ಅಣ್ಣ ಮುಂದೆ ನಡೆದ. ಸ್ವಲ್ಪ ದೂರ ಹೋಗಿ ನಿಂತು, ನಾನು ಹತ್ತಿರ ಬರುವವರೆಗೆ ಕಾದ.

"ನಂಗೂ ಅದೇ ಬೇಕು ಕಣೇ. ಬೇಕು ಅಂತ ನಂಬಕ್ಕಾಗಲ್ಲ."

ಊರಿಗೆ ಬಂದ ಮೇಲೆ ತುಮಕೂರಿನಲ್ಲಿ ಕಿವಿಯ ಡಾಕ್ಟರಿಗೆ ತೋರಿಸೋಣ ಎಂದು ಅಪ್ಪನನ್ನು ಕರೆದೆ. ನಾನೊಬ್ಬಳೇ ಮೊದಲು ಹೋಗಿ ವಿಚಾರಿಸಿಕೊಂಡು ಬಂದಿದ್ದೆ. ಪರೀಕ್ಷೆ ಮಾಡಿದರೆ ಈಗ ಎಷ್ಟು ಕೇಳಿಸುತ್ತದೆ ಎಂದು ಹೇಳಬಹುದು, ಯಾವಾಗಿನಿಂದ ಎಂದು ಹೇಳಲಾಗುವುದಿಲ್ಲ ಎಂದರು ಡಾಕ್ಟರು. ನನಗೆ ಬೇಕಾದದ್ದು ಯಾವಾಗಿನಿಂದ ಎಂಬುದು ಮಾತ್ರ ಎಂದು ಅವರಿಗೆ ಹೇಗೆ ಹೇಳಲಿ? ಅಪ್ಪನಂತೂ, ನನ್ನ ಕಿವಿಗೇನಾಗಿದೆ ಎಂದು ಕೇಳಿ ಎದ್ದು ಹೋದ. ಅದೇ ವಾರ ಕಂದಿಕೆರೆಯ ಕಡೆಯಿಂದ ಯಾರೋ ಅಟ್ಟ ನೋಡಲು ಕರೆಯಲು ಬಂದರೆ ಮಂಡಿನೋವು ಎಂದು ಹೇಳಿ ಕಳಿಸಿದನಂತೆ. ಅತ್ತಿಗೆ ಫೋನಿನಲ್ಲಿ ಹೇಳಿದರು. ಆ ಮಂಡಿಯಲ್ಲೇ ಅವನು ಬೆಳಿಗ್ಗೆ ತೋಟ ಸುತ್ತಿ ಬಂದಿದ್ದ.

ಅವನ ಹಟವನ್ನು ನಾನು ಬರೀ ಮರ್ಯಾದೆಯ ಹಟ ಎಂದು ತಿಳಿದಿದ್ದೆ. ಈಗ ಬೇರೆ ಅನುಮಾನ ಬಂದಿದೆ. "ಅವ್ಳು ಕೂಗ್ಲಿಲ್ಲ" ಎಂಬ ಮಾತನ್ನು ಅಪ್ಪ ಊರಿಗಾಗಿ ಹೇಳಿದ್ದಲ್ಲದೆ ಇರಬಹುದು. ಅವನ ಲೆಕ್ಕದಲ್ಲಿ ಅದು ನಿಜ. ಅವನಿಗೆ ಯಾವ ಕೂಗೂ ಕೇಳಿಸಲಿಲ್ಲ. ಕಿವಿ ಕೇಳಿಸುವುದಿಲ್ಲ ಎಂದು ಒಪ್ಪಿಕೊಂಡ ದಿನ ಅವಳು ಕೂಗಿದಳು ಎಂದೂ ಒಪ್ಪಿಕೊಳ್ಳಬೇಕಾಗುತ್ತದೆ. ಕೂಗಿದಳು, ಮತ್ತೆ ಕೂಗಿದಳು, ತಾನು ಈ ಕಡೆ ಕೂತೇ ಇದ್ದೆ. ಅದಕ್ಕಿಂತ ಮಗನ ಕಣ್ಣಲ್ಲಿ ಕಲ್ಲುಮನಸ್ಸಿನವನಾಗಿ ಇರುವುದು ಅವನಿಗೆ ಹಗುರ ಅನ್ನಿಸಿರಬಹುದು. ಇದೂ ನನ್ನ ಊಹೆ. ಅಪ್ಪನನ್ನು ಉಳಿಸುವ ಊಹೆಗಳು ನನಗೆ ಬೇಗ ಬೇಗ ಹೊಳೆಯುತ್ತವೆ, ಹಾಗಾಗಿ ಅವುಗಳ ಮೇಲೆ ನನಗೆ ಅನುಮಾನ. ಕೇಳಿಸಿಯೂ ಕೂತಿದ್ದ ಎಂಬುದನ್ನು ಅಲ್ಲಗಳೆಯುವ ಒಂದು ಗಟ್ಟಿ ಸಂಗತಿ ಇವತ್ತಿಗೂ ನನ್ನ ಹತ್ತಿರ ಇಲ್ಲ.

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಅಪ್ಪ ತೋಟದಲ್ಲಿ ಒಂದು ಮರದ ಬುಡದಲ್ಲಿ ಕೂತು ಹನಿ ನೀರಾವರಿಯ ಪೈಪಿನಲ್ಲಿ ಸಿಕ್ಕಿಕೊಂಡ ಮಣ್ಣು ತೆಗೆಯುತ್ತಿದ್ದ. ನಾನು ಅವನ ಎದುರಿಗೆ, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತೆ. ಯಾವ ಪದವೂ ತಪ್ಪಿಹೋಗಬಾರದೆಂದು ನಿಧಾನವಾಗಿ, ತುಟಿ ಅಗಲಿಸಿ ಮಾತಾಡಿದೆ. ಅವನು ಕೈ ಒರೆಸಿಕೊಂಡು ನನ್ನ ಬಾಯಿಯನ್ನೇ ನೋಡಿದ, ಕೊನೆಯ ಅಕ್ಷರ ಮುಗಿಯುವವರೆಗೆ ನೋಡಿದ. ತಿಳಿಯಲಿಲ್ಲ ಎನ್ನುವಂತಿರಲಿಲ್ಲ. ಅವನ ಕಣ್ಣು ತುಂಬಿತೆಂದು ನನಗೆ ನೆನಪು, ಆದರೆ ಬಿಸಿಲು ನನ್ನ ಕಣ್ಣಿಗೇ ಹೊಡೆಯುತ್ತಿತ್ತು. ಮತ್ತೆ ಪೈಪಿಗೆ ಬಗ್ಗಿದ. ನಾನು ಬಸ್ಸಿಗೆ ಹೊರಡುವವರೆಗೂ ಕಾದೆ. ಈ ವಾರ ಎರಡು ಸಲ ಫೋನ್ ಮಾಡಿದೆ, ಅತ್ತಿಗೆಯೇ ಎತ್ತಿಕೊಂಡರು.

ನಾನು ಕೇಳಿದ್ದು ಇಷ್ಟೇ:

"ಅಪ್ಪ, ಅಮ್ಮ ಕರೆಯೋದು ನಿಂಗೆ ಕೇಳಿಸದೇ ಇರೋ ಹಂಗಾಗಿದ್ದು ಯಾವತ್ತಿಂದ?"